ಅಂಧರಿಗೆಂದೇ ಬೇರೆ ಬ್ರೌಸರ್ ಬೇಕೆ?

ಯಾವುದಾದರೂ ಸರ್ಕಾರಿ ಜಾಲತಾಣ ತೆರೆದು ನೋಡಿ. ಪುಟದ ನೆತ್ತಿಯಲ್ಲಿ ಒಂದು ಸಣ್ಣ ಪಟ್ಟಿ ಇರುತ್ತದೆ. ಮೂರು 'ಎ' ಅಕ್ಷರಗಳು, ಒಂದರ ಮೇಲೆ ಮೈನಸ್, ಇನ್ನೊಂದರ ಮೇಲೆ ಪ್ಲಸ್. ಪಕ್ಕದಲ್ಲಿ ಒಂದು ಕಪ್ಪು ಚೌಕ, ಒಂದು ಬಿಳಿ ಚೌಕ. ಅದರಾಚೆಗೆ 'ಸ್ಕ್ರೀನ್ ರೀಡರ್ ಆಕ್ಸೆಸ್' ಎಂಬ ಲಿಂಕ್. ಕಣ್ಣಿದ್ದವರು ಅದನ್ನು ಒತ್ತುವುದಿಲ್ಲ. ಒತ್ತಿದರೆ ಒಂದು ಕೋಷ್ಟಕ ತೆರೆದುಕೊಳ್ಳುತ್ತದೆ: ಎನ್‌ವಿಡಿಎ, ಜಾಸ್, ಸೂಪರ್‌ನೋವಾ, ವಿಂಡೋ-ಐಸ್, ಹಾಲ್, ಥಂಡರ್, ವೆಬ್‌ಎನಿವೇರ್, ಸಿಸ್ಟಮ್ ಆಕ್ಸೆಸ್ ಟು ಗೋ. ಪುಟದಲ್ಲಿರುವುದನ್ನು ಅಂಧರಿಗೆ ಓದಿ ಹೇಳುವ ತಂತ್ರಾಂಶಗಳ ಹೆಸರು ಇವು. ಎದುರಿಗೆ 'ಉಚಿತ' ಇಲ್ಲವೇ 'ಹಣ ಕೊಟ್ಟು ಕೊಳ್ಳಬೇಕು' ಎಂಬ ಷರಾ. ಇಲಾಖೆ ಯಾವುದೇ ಆಗಲಿ, ಎಷ್ಟೋ ತಾಣಗಳಲ್ಲಿ ಇದೇ ಪಟ್ಟಿ ಕಾಣುತ್ತದೆ. ಒಬ್ಬರದನ್ನು ಒಬ್ಬರು ಎತ್ತಿಕೊಂಡಿದ್ದಾರೆ. ಇದರಲ್ಲಿ ವಿಂಡೋ-ಐಸ್ ಮಾರಾಟ ನಿಂತದ್ದು 2017ರಲ್ಲಿ. ಹಾಲ್ ಎಂಬ ಹೆಸರು ಸೂಪರ್‌ನೋವಾದೊಳಗೆ ಕರಗಿಹೋಗಿ ಎಷ್ಟೋ ವರ್ಷವಾಯಿತು. ಸತ್ತವರ ಹೆಸರು ಮತದಾರರ ಪಟ್ಟಿಯಲ್ಲಿ ಉಳಿದುಕೊಳ್ಳುವ ಹಾಗೆ ಇವೂ ಉಳಿದುಕೊಂಡಿವೆ.

ಆ ಪಟ್ಟಿಯ ಥಂಡರ್ ಮೇಲೆ ನನಗೆ ಸ್ವಲ್ಪ ಮಮಕಾರ. ಅದರ ಜೊತೆಗೆ ವೆಬ್ಬಿ ಎಂಬ ಒಂದು ಬ್ರೌಸರನ್ನೂ ಕೊಡುತ್ತಿದ್ದರು. ಬ್ರಿಟನ್ನಿನ ಅಲಾಸ್ಡೇರ್ ಕಿಂಗ್ ಎಂಬುವರು ಅಂಧರಿಗೆಂದೇ ಬರೆದದ್ದು. ಪುಟದ ಬಣ್ಣ, ಕಾಲಂ, ಜಾಹೀರಾತು ಎಲ್ಲವನ್ನೂ ಸುಲಿದು, ಒಳಗಿನ ಮಾತನ್ನು ಮಾತ್ರ ಸಾಲುಸಾಲಾಗಿ ಜೋಡಿಸಿಕೊಡುತ್ತಿತ್ತು. ಬಾಣದ ಕೀಲಿ ಒತ್ತುತ್ತಾ ಹೋದರೆ ಸಾಲು ಸಾಲು ಕೇಳಿಸಿಕೊಳ್ಳಬಹುದು. ಹಲಸಿನಹಣ್ಣು ಬಿಡಿಸಿ ತೊಳೆ ಮಾತ್ರ ತಟ್ಟೆಗೆ ಹಾಕಿದ ಹಾಗೆ. ಇಷ್ಟು ಅನುಕೂಲವಾದದ್ದು ಲೋಕವನ್ನೆಲ್ಲ ಆವರಿಸಬೇಕಿತ್ತಲ್ಲ, ಯಾಕೆ ಆಗಲಿಲ್ಲ? ಅಂಧರಿಗೆಂದೇ ಬ್ರೌಸರ್ ಎಂಬ ಯೋಚನೆ ಹುಟ್ಟಿದ್ದು ಹೇಗೆ, ಅದು ಸೊರಗಿದ್ದು ಹೇಗೆ ಎಂಬುದನ್ನು ನೋಡಬೇಕಾದ ಹೊತ್ತಿದು. ಎಐ ಬ್ರೌಸರ್‌ಗಳ ಹೆಸರಿನಲ್ಲಿ ಅದೇ ಯೋಚನೆ ಈಗ ಹೊಸ ಅಂಗಿ ತೊಟ್ಟು ಬಂದಿದೆ.

ಮೊದಮೊದಲು ವೆಬ್ ಅಂದರೆ ಬರೀ ಪಠ್ಯ. 1992ರಲ್ಲಿ ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಲಿಂಕ್ಸ್ ಎಂಬ ಬ್ರೌಸರ್ ಚಿತ್ರ ತೋರಿಸುತ್ತಲೇ ಇರಲಿಲ್ಲ. ಅದನ್ನು ಯಾರೂ ಅಂಧರಿಗಾಗಿ ಮಾಡಿದ್ದಲ್ಲ, ಆದರೂ ಅವರಿಗೆ ಚೆನ್ನಾಗಿ ಒಗ್ಗಿತು. ಪರದೆಯ ಮೇಲೆ ಅಕ್ಷರ ಬಿಟ್ಟರೆ ಬೇರೇನೂ ಇಲ್ಲದಿದ್ದಾಗ ಅದನ್ನು ಓದಿ ಹೇಳುವ ತಂತ್ರಾಂಶಕ್ಕೆ ಕಷ್ಟವೇ ಇರಲಿಲ್ಲ. ತೊಂದರೆ ಶುರುವಾದದ್ದು ಪುಟಗಳು ಚಿತ್ರಮಯವಾದ ಮೇಲೆ. ಆಗ ಇಬ್ಬರು ಅಂಧ ವಿಜ್ಞಾನಿಗಳು ಎರಡು ದಿಕ್ಕಿನಿಂದ ಕೆಲಸಕ್ಕೆ ಇಳಿದರು. ಪುಣೆಯಲ್ಲಿ ಹುಟ್ಟಿದ ಟಿ.ವಿ. ರಾಮನ್ 1995ರ ಸುಮಾರಿಗೆ ಈಮ್ಯಾಕ್‌ಸ್ಪೀಕ್ ಎಂಬುದನ್ನು ಹೊರತಂದರು. ಪರದೆಯಲ್ಲಿ ಕಂಡದ್ದನ್ನು ಕಿವಿಗೆ ಒಪ್ಪಿಸುವುದಲ್ಲ, ಮಾಹಿತಿಯನ್ನೇ ನೇರವಾಗಿ ಧ್ವನಿಯಾಗಿ ರೂಪಿಸುವುದು ಅವರ ಹಟ. ಶೀರ್ಷಿಕೆಗೆ ಒಂದು ದನಿ, ಒಳಪಠ್ಯಕ್ಕೆ ಇನ್ನೊಂದು. ಜಪಾನಿನಲ್ಲಿ ಚಿಯೆಕೊ ಅಸಕಾವಾ, ಹದಿನಾಲ್ಕನೆಯ ವಯಸ್ಸಿಗೆ ಕಣ್ಣು ಕಳೆದುಕೊಂಡವರು, ಐಬಿಎಂ ಸಂಸ್ಥೆಯಲ್ಲಿದ್ದುಕೊಂಡು 1997ರಲ್ಲಿ ಹೋಮ್ ಪೇಜ್ ರೀಡರ್ ತಂದರು. ಕೀಲಿಮಣೆಯ ಬಲಬದಿಯ ಅಂಕಿಗಳ ಗುಂಪೊಂದರಿಂದಲೇ ಇಡೀ ವೆಬ್ ತಿರುಗಾಡಬಹುದಿತ್ತು. ಪಠ್ಯವನ್ನು ಗಂಡು ದನಿ ಓದುತ್ತಿತ್ತು, ಲಿಂಕ್ ಬಂದಾಗ ಹೆಣ್ಣು ದನಿ. 'ಲಿಂಕ್, ಲಿಂಕ್' ಎಂದು ಪ್ರತಿಸಲ ಹೇಳಿಸಿಕೊಳ್ಳುವ ಕಿರಿಕಿರಿಯೇ ಇಲ್ಲ. ಕಣ್ಣಿದ್ದವರು ನೀಲಿ ಬಣ್ಣದಿಂದ ತಿಳಿಯುವುದನ್ನು ಕಿವಿ ದನಿಯಿಂದ ತಿಳಿಯುತ್ತಿತ್ತು. ಇವತ್ತಿನ ಎಷ್ಟೋ ತಂತ್ರಾಂಶಗಳಿಗಿಂತ ಅದು ಹೆಚ್ಚು ನಾಜೂಕಾಗಿತ್ತು ಎಂದರೆ ತಪ್ಪಾಗಲಾರದು.

ಆದರೂ ಅದು ಉಳಿಯಲಿಲ್ಲ. ಮುಂದಿನ ದಶಕದಲ್ಲಿ ಐಬಿಎಂ ಅದನ್ನು ಕೈಬಿಟ್ಟಿತು.

ಕಾರಣ ಹುಡುಕುವವರು ಸಿಡ್ನಿಗೆ ಹೋಗಿಬರಬೇಕು. 2000ನೇ ಇಸವಿಯ ಒಲಿಂಪಿಕ್ಸ್‌ಗೆ ಅಲ್ಲೊಂದು ಜಾಲತಾಣ ಇತ್ತು. ಬ್ರೂಸ್ ಮಗ್ವಾಯರ್ ಎಂಬ ಅಂಧ ನಾಗರಿಕರು ಹಿಂದಿನ ವರ್ಷವೇ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರು: ಚಿತ್ರಗಳಿಗೆ ವಿವರಣೆ ಬರೆದಿಲ್ಲ, ಆಟಗಳ ಪಟ್ಟಿಗೆ ಹೋಗಲಾಗುವುದಿಲ್ಲ, ಫಲಿತಾಂಶದ ಕೋಷ್ಟಕ ಓದಲಾಗುವುದಿಲ್ಲ. ಸರಿಪಡಿಸುವುದು ತಮಗೆ ಹೊರಲಾಗದ ಹೊರೆ ಎಂದು ಸಂಘಟಕರು ವಾದಿಸಿದರು. ಆಯೋಗ ಒಪ್ಪಲಿಲ್ಲ. ಕೊನೆಗೆ ಮಗ್ವಾಯರ್ ಅವರಿಗೆ 20,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಾಯಿತು. ಜಾಲತಾಣಗಳ ವಿಷಯದಲ್ಲಿ ಲೋಕದಲ್ಲಿ ಬಂದ ಮೊದಮೊದಲ ತೀರ್ಪುಗಳಲ್ಲಿ ಅದೂ ಒಂದು. ಕತೆಯ ಸ್ವಾರಸ್ಯ ಇರುವುದು ಇನ್ನೊಂದು ಕಡೆ. ಆ ತಾಣವನ್ನು ಕಟ್ಟಿಕೊಟ್ಟದ್ದು ಐಬಿಎಂ. ಒಂದು ಕೈಯಲ್ಲಿ ಅಂಧರಿಗೆಂದು ಲೋಕದ ಅತ್ಯುತ್ತಮ ಬ್ರೌಸರ್, ಇನ್ನೊಂದು ಕೈಯಲ್ಲಿ ಯಾವ ಬ್ರೌಸರಿಗೂ ಬಾಯಿ ಬಿಡದ ಜಾಲತಾಣ. ಚಿತ್ರದ ಹಿಂದೆ ವಿವರಣೆಯನ್ನೇ ಬರೆಯದಿದ್ದರೆ ಗಂಡು ದನಿಯೂ ಹೇಳಲಾರದು, ಹೆಣ್ಣು ದನಿಯೂ ಹೇಳಲಾರದು.

ಅಂಧರಿಗೆಂದೇ ಆದ ಬ್ರೌಸರ್‌ಗಳಿಗೆ ಇನ್ನೊಂದು ಹೊಡೆತವೂ ಬಿತ್ತು. ವೆಬ್ ದಿನದಿನಕ್ಕೂ ಬದಲಾಗುತ್ತಿತ್ತು. ಹೊಸ ಪುಟಗಳಲ್ಲಿ ಬ್ಯಾಂಕ್, ಟಿಕೆಟ್, ಮೇಲ್ ಎಲ್ಲ ಬಂದವು. ದೊಡ್ಡ ಕಂಪನಿಗಳ ಬ್ರೌಸರ್‌ಗಳೇ ಏದುಸಿರು ಬಿಡುತ್ತಿದ್ದಾಗ ಒಬ್ಬಿಬ್ಬರು ಕೂತು ಬರೆಯುವ ಬ್ರೌಸರ್ ಎಷ್ಟು ಓಡೀತು? ಎಲ್ಲರ ಬ್ರೌಸರ್‌ನಲ್ಲಿ ತೆರೆಯುವ ಬ್ಯಾಂಕಿನ ಪುಟ ಇವರದರಲ್ಲಿ ತೆರೆಯುತ್ತಿರಲಿಲ್ಲ. ಬೇರೆ ಪಂಕ್ತಿಯಲ್ಲಿ ಕೂತವರಿಗೆ ಬಡಿಸುವುದು ಕೊನೆಗೆ. ಬಂದರೆ ಬಂತು.

ಗೆದ್ದದ್ದು ಇನ್ನೊಂದು ದಾರಿ. ಬ್ರೌಸರ್ ಎಲ್ಲರದೂ ಒಂದೇ, ಓದಿ ಹೇಳುವ ತಂತ್ರಾಂಶ ಮಾತ್ರ ಬೇರೆ. ಅದೇ ಸ್ಕ್ರೀನ್ ರೀಡರ್. 'ತೆರೆ ಓದುಗ', 'ಪರದೆವಾಚಕ' ಎಂದೆಲ್ಲ ಕನ್ನಡದಲ್ಲಿ ಹೇಳಿ ನೋಡಬಹುದು, ಆದರೆ ಬಳಸುವವರು ಹೇಳುವುದು 'ಜಾಸ್ ಹಾಕ್ಕೋ', 'ಟಾಕ್‌ಬ್ಯಾಕ್ ಆನ್ ಮಾಡು' ಎಂದೇ. ಜಾಸ್ 1989ರಲ್ಲಿ ಹುಟ್ಟಿದ್ದು, ಕಂಪ್ಯೂಟರುಗಳು ಡಾಸ್ ಎಂಬ ಹಳೆಯ, ಬರೀ ಅಕ್ಷರದ ವ್ಯವಸ್ಥೆಯಲ್ಲಿ ಓಡುತ್ತಿದ್ದ ಕಾಲದಲ್ಲಿ. ಮೋಟಾರ್‌ಸೈಕಲ್ ರೇಸ್ ಓಡಿಸುತ್ತಿದ್ದ ಟೆಡ್ ಹೆಂಟರ್ ಕಾರು ಅಪಘಾತದಲ್ಲಿ ಕಣ್ಣು ಹೋದ ಮೇಲೆ ಕಟ್ಟಿದ ಕಂಪನಿ ಅದನ್ನು ತಯಾರಿಸಿತು. ಒಳ್ಳೆಯದು, ಆದರೆ ದುಬಾರಿ. ಬಡ ದೇಶಗಳ ಪಾಲಿಗೆ ಬಾಗಿಲು ತೆರೆದದ್ದು 2006ರಲ್ಲಿ, ಆಸ್ಟ್ರೇಲಿಯದ ಅಂಧ ಯುವಕ ಮೈಕೆಲ್ ಕರನ್ ಎನ್‌ವಿಡಿಎ ಬರೆಯತೊಡಗಿದಾಗ. ಬಳಿಕ ಬಾಲ್ಯದ ಗೆಳೆಯ ಜೇಮ್ಸ್ ಟೇ ಕೂಡ ಸೇರಿಕೊಂಡರು. ಪುಕ್ಕಟೆ, ಮುಕ್ತ ತಂತ್ರಾಂಶ. 2009ರಲ್ಲಿ ಐಫೋನಿಗೆ ವಾಯ್ಸ್‌ಓವರ್ ಬಂತು, ಅದೇ ವರ್ಷ ಆಂಡ್ರಾಯ್ಡ್‌ಗೆ ಟಾಕ್‌ಬ್ಯಾಕ್. ಇಂದು ನಮ್ಮೂರುಗಳಲ್ಲಿ ಅಂಧ ಹುಡುಗ ಹುಡುಗಿಯರು ಇಂಟರ್ನೆಟ್ಟಿಗೆ ಕಾಲಿಡುವುದು ಬಹುಪಾಲು ಟಾಕ್‌ಬ್ಯಾಕ್ ಮೂಲಕ. ಕಂಪ್ಯೂಟರ್ ಬರುವುದು ಆಮೇಲೆ, ಬಂದರೆ. ಅಮೆರಿಕದ ಯೂಟಾ ರಾಜ್ಯ ವಿಶ್ವವಿದ್ಯಾಲಯದ ವೆಬ್‌ಏಮ್ ಆಗಾಗ ಸ್ಕ್ರೀನ್ ರೀಡರ್ ಬಳಕೆದಾರರ ಸಮೀಕ್ಷೆ ನಡೆಸುತ್ತದೆ. ಅದರ ಈಚಿನ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಳಸುವುದು ಕ್ರೋಮ್. ನೀವು ನಾವು ಬಳಸುವ ಅದೇ ಕ್ರೋಮ್.

ಇದು ಕೆಲಸ ಮಾಡುವ ಬಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜಗಳವೆಲ್ಲ ಇರುವುದು ಇಲ್ಲೇ. ಸ್ಕ್ರೀನ್ ರೀಡರ್ ಎಂದರೆ ಪರದೆಯನ್ನು ನೋಡಿ ಓದುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಪರದೆಯನ್ನು ನೋಡುವುದೇ ಇಲ್ಲ. ಬ್ರೌಸರ್ ಒಂದು ಪುಟವನ್ನು ತೆರೆದಾಗ ಕಣ್ಣಿಗೆ ಕಾಣುವ ಚಿತ್ರದ ಜೊತೆಗೆ ಒಳಗೊಳಗೇ ಇನ್ನೊಂದು ರಚನೆ ಕಟ್ಟಿಕೊಳ್ಳುತ್ತದೆ. ಇದು ಶೀರ್ಷಿಕೆ, ಇದು ಲಿಂಕ್, ಇದು ಗುಂಡಿ, ಇದರ ಹೆಸರು 'ಮುಂದುವರಿಯಿರಿ', ಇದು ಟಿಕ್ ಆಗಿದೆ, ಹೀಗೆ ಹೆಸರು, ಕೆಲಸ, ಸ್ಥಿತಿಗಳ ಒಂದು ಮರ. ಸ್ಕ್ರೀನ್ ರೀಡರ್ ಕೇಳಿಸಿಕೊಳ್ಳುವುದು ಈ ಮರವನ್ನು. ಬಳಸುವವರ ಬೆರಳು ಕೀಲಿಮಣೆಯ ಮೇಲೆ. ಎನ್‌ವಿಡಿಎ ಇರಲಿ ಜಾಸ್ ಇರಲಿ, ಎಚ್ ಒತ್ತಿದರೆ ಮುಂದಿನ ಶೀರ್ಷಿಕೆ, ಬಿ ಒತ್ತಿದರೆ ಮುಂದಿನ ಗುಂಡಿ, ಟಿ ಒತ್ತಿದರೆ ಕೋಷ್ಟಕ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಹತ್ತರಲ್ಲಿ ಏಳು ಮಂದಿ ಉದ್ದನೆಯ ಪುಟದಲ್ಲಿ ಬೇಕಾದದ್ದನ್ನು ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತಲೇ ಹುಡುಕುತ್ತೇವೆ ಎಂದಿದ್ದರು. ನಾವು ಪತ್ರಿಕೆಯ ತಲೆಬರಹಗಳ ಮೇಲೆ ಕಣ್ಣಾಡಿಸುವುದಿಲ್ಲವೇ, ಅದೇ.

ಈಗ ಒಂದು ಗುಂಡಿಯನ್ನು ಕೈಗೆತ್ತಿಕೊಳ್ಳೋಣ. ಹಸಿರು ಬಣ್ಣ, ದುಂಡು ಅಂಚು, ಒಳಗೆ 'ಮುಂದುವರಿಯಿರಿ'. ಜಾಲಪುಟಗಳನ್ನು ಬರೆಯುವ ಎಚ್‌ಟಿಎಂಎಲ್ ಭಾಷೆಯಲ್ಲಿ ಗುಂಡಿಗೆಂದೇ ಒಂದು ಟ್ಯಾಗ್, ಅಂದರೆ ಗುರುತು, ಇದೆ. ಅದನ್ನು ಬಳಸಿದರೆ ಟ್ಯಾಬ್ ಕೀಲಿ ಅಲ್ಲಿ ನಿಲ್ಲುತ್ತದೆ, ಎಂಟರ್ ಒತ್ತಿದರೆ ಕೆಲಸ ಆಗುತ್ತದೆ, ಸ್ಕ್ರೀನ್ ರೀಡರ್ 'ಮುಂದುವರಿಯಿರಿ, ಬಟನ್' ಎನ್ನುತ್ತದೆ. ಇದೆಲ್ಲ ಪುಕ್ಕಟೆ ಸಿಗುವಂಥದ್ದು, ಬರೆಯುವವರು ಏನೂ ಹೆಚ್ಚಿಗೆ ಮಾಡಬೇಕಿಲ್ಲ. ಆದರೆ ಎಷ್ಟೋ ಕಡೆ ಮಾಡುವುದೇನು? ಹೆಸರಿಲ್ಲದ ಒಂದು ಡಬ್ಬಿ ಇಟ್ಟು, ಅದಕ್ಕೆ ಹಸಿರು ಬಳಿದು, ಮೌಸಿನಿಂದ ಒತ್ತಿದರೆ ಮಾತ್ರ ಓಡುವ ಹಾಗೆ ಒಂದು ಸಾಲು ಕೋಡ್ ಸಿಕ್ಕಿಸುತ್ತಾರೆ. ಕಣ್ಣಿಗೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸ ಇಲ್ಲ. ಮರದಲ್ಲಿ ಮಾತ್ರ ಅದು ಗುಂಡಿಯೇ ಅಲ್ಲ. ಬಿ ಒತ್ತಿದರೆ ಸಿಗುವುದಿಲ್ಲ, ಟ್ಯಾಬ್ ಹಾರಿಕೊಂಡು ಹೋಗುತ್ತದೆ. ಅರ್ಧ ಗಂಟೆ ಅರ್ಜಿ ತುಂಬಿದವರು ಕೊನೆಯಲ್ಲಿ ಬಾಗಿಲೇ ಇಲ್ಲದ ಗೋಡೆಗೆ ಬಂದು ನಿಲ್ಲುತ್ತಾರೆ.

ಈ ಪಾಪ ನಾನೂ ಮಾಡಿದವನೇ. ಕೆಲವು ವರ್ಷದ ಹಿಂದೆ ಒಂದು ಸಣ್ಣ ಸಾಹಿತ್ಯ ಬಳಗಕ್ಕೆ ಜಾಲತಾಣ ಮಾಡಿಕೊಟ್ಟಿದ್ದೆ. ಎಲ್ಲರೂ ಚೆಂದ ಇದೆ ಎಂದರು. ಶಿವಮೊಗ್ಗದಲ್ಲಿ ಬ್ಯಾಂಕ್ ಉದ್ಯೋಗಿಯಾಗಿರುವ ನನ್ನ ಗೆಳೆಯನೊಬ್ಬ, ಹುಟ್ಟಿನಿಂದ ಕಣ್ಣು ಕಾಣದವನು, ಒಂದು ಭಾನುವಾರ ಮನೆಗೆ ಬಂದಿದ್ದ. 'ನಿನ್ನ ಸೈಟ್ ತೋರಿಸು ಮಾರಾಯ' ಎಂದು ತನ್ನ ಲ್ಯಾಪ್‌ಟಾಪ್ ತೆರೆದ. ಪರದೆಯ ಬೆಳಕನ್ನು ಅವನು ಯಾವಾಗಲೂ ಪೂರ್ತಿ ಆರಿಸಿಟ್ಟಿರುತ್ತಾನೆ, ಬ್ಯಾಟರಿ ಉಳಿಯಲಿ ಎಂದು. ಕಪ್ಪು ಪರದೆಯ ಮುಂದೆ ನಾನು ಕುರುಡ, ಅವನಲ್ಲ. ಎನ್‌ವಿಡಿಎ ಮಾತಾಡತೊಡಗಿತು. ಅವನು ಇಟ್ಟುಕೊಂಡ ವೇಗಕ್ಕೆ ನನಗೆ ಕೇಳಿಸಿದ್ದು ಬಾಣಲೆಯಲ್ಲಿ ಸಾಸಿವೆ ಸಿಡಿದ ಸದ್ದು. ನಿಧಾನ ಮಾಡಿಸಿಕೊಂಡ ಮೇಲೆ ಗೊತ್ತಾಯಿತು: 'ಗ್ರಾಫಿಕ್, ಐಎಂಜಿ ಅಂಡರ್‌ಸ್ಕೋರ್ ಎರಡು ಸೊನ್ನೆ ಒಂದು ಒಂಬತ್ತು...' ಕ್ಯಾಮೆರಾ ಕೊಟ್ಟ ಕಡತದ ಹೆಸರನ್ನು ಅದು ಅಂಕಿ ಅಂಕಿಯಾಗಿ ಓದುತ್ತಿತ್ತು. ಚಿತ್ರಕ್ಕೆ ವಿವರಣೆ ಬರೆಯುವ ಜಾಗದಲ್ಲಿ ನಾನು ಏನೂ ಬರೆದಿರಲಿಲ್ಲ. ಎಚ್ ಒತ್ತಿದ. 'ನೋ ನೆಕ್ಸ್ಟ್ ಹೆಡಿಂಗ್.' ತಲೆಬರಹಗಳನ್ನು ನಾನು ಬರೀ ದಪ್ಪಕ್ಷರ ಮಾಡಿದ್ದೆ, ಶೀರ್ಷಿಕೆ ಎಂದು ಗುರುತು ಹಾಕಿರಲಿಲ್ಲ. 'ಒಂದು ಕವಿತೆ ಓದೋಕೆ ಐವತ್ತು ಸಲ ಬಾಣ ಒತ್ತಬೇಕು ಕಣೋ' ಎಂದ. ಬೈಯಲಿಲ್ಲ. ಅವನಿಗೆ ಇದು ದಿನನಿತ್ಯದ್ದು.

ಅವನು ಬಳಸುವ ದನಿ ಕೇಳಿ ನನ್ನ ಹೆಂಡತಿಗೆ ಮರುಕ ಬಂತು, 'ಅಯ್ಯೋ, ಇದಕ್ಕಿಂತ ಚೆನ್ನಾಗಿರೋ ದನಿ ಸಿಗಲ್ವಾ?' ಎಂದು. ಅದು ಇ-ಸ್ಪೀಕ್ ಎಂಬ ಮುಕ್ತ ತಂತ್ರಾಂಶದ ದನಿ, ತಗಡಿನ ಮೇಲೆ ಮೊಳೆ ಎಳೆದ ಹಾಗೆ. ಮನುಷ್ಯರಂತೆ ಮಾತಾಡುವ ದನಿಗಳೂ ಅವನ ಹತ್ತಿರ ಇವೆ, ಕತೆ ಕಾದಂಬರಿ ಕೇಳಲು ಇಟ್ಟುಕೊಂಡಿದ್ದಾನೆ. ಕೆಲಸಕ್ಕೆ ಮಾತ್ರ ಈ ತಗಡು ದನಿಯೇ ಬೇಕು. ಮೂರು ಪಟ್ಟು ವೇಗಕ್ಕೆ ಏರಿಸಿದರೆ ಇಂಪಾದ ದನಿ ಕಲಸಿಹೋಗುತ್ತದೆ, ಇದು ಒಂದಕ್ಷರವನ್ನೂ ನುಂಗುವುದಿಲ್ಲ. ಅಂಧರಿಗೆ ಏನು ಬೇಕು ಎಂದು ಕಣ್ಣಿದ್ದವರು ಕೂತು ತೀರ್ಮಾನಿಸಿದರೆ ಇಂಪಾದ ದನಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ನಾನೊಬ್ಬನೇ ತಪ್ಪಿತಸ್ಥನಲ್ಲ ಎಂಬುದು ಸಮಾಧಾನದ ಮಾತಲ್ಲ. ವೆಬ್‌ಏಮ್ ಪ್ರತಿವರ್ಷ ಹತ್ತು ಲಕ್ಷ ತಾಣಗಳ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷಿಸುತ್ತದೆ. 2025ರಲ್ಲಿ ಶೇ. 94.8ರಷ್ಟು ಪುಟಗಳಲ್ಲಿ ತಪ್ಪು ಸಿಕ್ಕಿತು. ಅದೂ ಯಂತ್ರಕ್ಕೆ ಸಿಕ್ಕಷ್ಟು ಮಾತ್ರ. ತಪ್ಪುಗಳು ಬಗೆಬಗೆಯವೂ ಅಲ್ಲ, ವರ್ಷ ವರ್ಷ ಅವೇ ಆರು: ಮಂಕು ಬಣ್ಣದ ಅಕ್ಷರ, ವಿವರಣೆ ಇಲ್ಲದ ಚಿತ್ರ, ಹೆಸರಿಲ್ಲದ ಅರ್ಜಿಯ ಖಾನೆ, ಖಾಲಿ ಲಿಂಕ್, ಖಾಲಿ ಗುಂಡಿ, ಯಾವ ಭಾಷೆ ಎಂದು ಹೇಳದ ಪುಟ. ಮೊದಲನೆಯದು ಪೂರ್ತಿ ಅಂಧರಿಗಿಂತ ದೃಷ್ಟಿ ಮಂದವಾದವರನ್ನು ಕಾಡುವಂಥದ್ದು, ಐದರಲ್ಲಿ ನಾಲ್ಕು ಪುಟಗಳಲ್ಲಿ ಅದಿದೆ. ಬಿಳಿ ಹಿನ್ನೆಲೆಯ ಮೇಲೆ ಬೂದಿ ಬಣ್ಣದ ಅಕ್ಷರ ಹಾಕುವ ಫ್ಯಾಷನ್ ಯಾರು ತಂದರೋ, ಅರುವತ್ತು ದಾಟಿದ ನಮ್ಮಪ್ಪನೂ ಅವರಿಗೆ ಶಾಪ ಹಾಕುತ್ತಾರೆ.

ಆರನೆಯ ತಪ್ಪು, ಭಾಷೆ ಹೇಳದ್ದು, ಇಂಗ್ಲಿಷಿನವರಿಗೆ ಅಷ್ಟು ನೋಯುವುದಿಲ್ಲ. ಕನ್ನಡದವರಿಗೆ ಅದೇ ದೊಡ್ಡ ಪೆಟ್ಟು. ಪುಟದ ಕೋಡಿನ ತಲೆಯಲ್ಲೇ ಇದು ಕನ್ನಡ ಎಂದು ಎರಡಕ್ಷರದ ಗುರುತು ಹಾಕಬೇಕು. ಹಾಕಿದರೆ ಸ್ಕ್ರೀನ್ ರೀಡರ್ ಕನ್ನಡದ ದನಿಗೆ ಹೊರಳಿಕೊಳ್ಳುತ್ತದೆ. ಎಷ್ಟೋ ಕನ್ನಡ ತಾಣಗಳು ಇಂಗ್ಲಿಷ್ ಟೆಂಪ್ಲೇಟ್ ತಂದು ಒಳಗೆ ಕನ್ನಡ ತುಂಬಿದವು. ತಲೆಯಲ್ಲಿ ಇಂಗ್ಲಿಷ್ ಎಂಬ ಗುರುತೇ ಉಳಿದಿರುತ್ತದೆ. ಇಂಗ್ಲಿಷ್ ದನಿಯ ಕೈಗೆ ಕನ್ನಡ ಅಕ್ಷರ ಸಿಕ್ಕರೆ ಕೆಲವು ದನಿಗಳು ಸುಮ್ಮನಾಗಿಬಿಡುತ್ತವೆ. ಪುಟದಲ್ಲಿ ಸಾವಿರ ಪದ ಇದ್ದರೂ ಕೇಳುವವರಿಗೆ ಖಾಲಿ ಹಾಳೆ.

ಇದಾದರೂ ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಇರುವ ವ್ಯವಸ್ಥೆ, ಬಂದ ಮೇಲಿನ ಗೋಳು. ಇದಕ್ಕಿಂತ ಹಳೆಯದೊಂದು ನಮ್ಮ ಬೆನ್ನು ಬಿಟ್ಟಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಕಣ್ಣಿಗೆ ಮಾತ್ರ ಕನ್ನಡ. ಕಂಪ್ಯೂಟರಿನೊಳಗೆ ಅದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿಸುತ್ತದೆ. ನುಡಿಯ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂದು ಬರೆದರೆ ಒಳಗೆ ಇರುವುದು ಇಷ್ಟು: ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಗೀಟಿನ ಎ. ಸ್ಕ್ರೀನ್ ರೀಡರಿಗೆ ವೇಷ ಕಾಣುವುದಿಲ್ಲ, ಅದು ಒಳಗಿದ್ದದ್ದನ್ನು ಇದ್ದ ಹಾಗೇ ಓದುತ್ತದೆ. ಒಂದು ಸುತ್ತೋಲೆಯ ಮೊದಲ ಸಾಲು ಹೀಗೆ ಪೌಂಡು, ಕ್ಯೂ, ಪಿ ಎಂದು ಓದಿಸಿಕೊಂಡಾಗ ಅದು ಕನ್ನಡವೋ ವೈರಸ್ಸೋ ಎಂದು ಕೇಳುವವರಿಗೆ ತಿಳಿಯುವುದಿಲ್ಲ. ನುಡಿ, ಬರಹ ಎರಡೂ ಯೂನಿಕೋಡಿಗೆ ಬಂದು ವರ್ಷಗಳಾದವು. ಕಚೇರಿಗಳ ಟೈಪಿಸ್ಟರ ಕೈ ಮಾತ್ರ ಹಳೆಯ ಕೀಲಿಗೆ ಪಳಗಿದೆ, ಡಿಟಿಪಿ ಅಂಗಡಿಗಳ ಕಂಪ್ಯೂಟರೂ ಹಾಗೇ. ಅಲ್ಲಿ ಹುಟ್ಟಿದ ಪಿಡಿಎಫ್ ಇಂದಿಗೂ ಜಾಲತಾಣಕ್ಕೆ ಏರುತ್ತದೆ. ಇನ್ನು ಕೆಲವರು ಮುದ್ರಿಸಿ, ಸಹಿ ಮಾಡಿ, ಮೊಹರು ಒತ್ತಿ, ಮೊಬೈಲಿನಲ್ಲಿ ಫೋಟೋ ತೆಗೆದು ಪಿಡಿಎಫ್ ಮಾಡುತ್ತಾರೆ. ಅದರಲ್ಲಿ ಪೌಂಡೂ ಇಲ್ಲ, ಕ್ಯೂ ಕೂಡ ಇಲ್ಲ.

ಇಂಥ ಚಿತ್ರಗಳಿಂದ ಅಕ್ಷರ ಹೆಕ್ಕುವ ಕೆಲಸ ಬೆಂಗಳೂರಿನಲ್ಲೇ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ 'ಲಿಪಿಜ್ಞಾನಿ' ಎಂಬ ಕನ್ನಡ ಓಸಿಆರ್ ಕಟ್ಟಿತು, 'ಮಧುರ ವಾಚಕ' ಎಂಬ ಕನ್ನಡ ಓದುವ ದನಿಯನ್ನೂ ಮಾಡಿತು. ಇ-ಸ್ಪೀಕ್‌ನಲ್ಲಿ ಕನ್ನಡ ಇದೆ, ಗೂಗಲ್‌ನ ದನಿಗಳಲ್ಲೂ ಇದೆ. ಓದುವ ಬಾಯಿಗೆ ನಮ್ಮಲ್ಲಿ ಈಗ ಬರ ಇಲ್ಲ ಎಂಬುದು ನನ್ನ ಮಾತು. ಬರ ಇರುವುದು ಓದಿಸಿಕೊಳ್ಳುವ ಪುಟಕ್ಕೆ. ಸುದ್ದಿ ತಾಣಗಳು ಬಹುತೇಕ ಯೂನಿಕೋಡಿಗೆ ಬಂದವು, ಕನ್ನಡ ವಿಕಿಪೀಡಿಯ ಮೊದಲಿನಿಂದಲೂ ಅಲ್ಲೇ ಇದೆ, ಆದ್ದರಿಂದ ನನ್ನ ಗೆಳೆಯ ರಾಜಕೀಯ ವಿಷಯದಲ್ಲಿ ನನಗಿಂತ ನಾಲ್ಕು ಹೆಜ್ಜೆ ಮುಂದೆ. ಅರ್ಜಿ, ಸುತ್ತೋಲೆ, ಅಧಿಸೂಚನೆಗಳಿಗೆ ಬಂದಾಗ ಪಕ್ಕದ ಮನೆಯ ಹುಡುಗನನ್ನು ಕರೆಯಬೇಕು.

ಕಾನೂನು ಏನು ಹೇಳುತ್ತದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಡಿಜಿಟಲ್ ಸೇವೆಗಳೂ ಎಲ್ಲರಿಗೆ ಎಟುಕಬೇಕು ಎಂದಿತು. ಸರ್ಕಾರಿ ತಾಣಗಳಿಗೆ 2009ರಿಂದಲೇ ಮಾರ್ಗಸೂಚಿ ಇದೆ, ಅದರ ಮೂರನೆಯ ಆವೃತ್ತಿ 2023ರಲ್ಲಿ ಬಂತು. ಭಾರತೀಯ ಮಾನಕ ಬ್ಯೂರೋದ ಐಎಸ್ 17802 ಎಂಬ ಮಾನದಂಡವೂ ಇದೆ. ಕಾಗದದ ಮೇಲೆ ನಮಗೆ ಕೊರತೆಯಿಲ್ಲ. ಅದನ್ನು ಪಾಲಿಸಲೇಬೇಕೇ ಎಂಬ ಪ್ರಶ್ನೆಗೆ ಮಾತ್ರ ಸ್ಪಷ್ಟ ಉತ್ತರ ಇರಲಿಲ್ಲ. 2024ರ ನವೆಂಬರ್ 8ರಂದು ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಗಂಟನ್ನೇ ಹಿಡಿಯಿತು. ಕಾಯ್ದೆ ಕಡ್ಡಾಯ ಎಂದದ್ದನ್ನು ನಿಯಮಗಳು ಬರೀ ಸಲಹೆಯ ಮಟ್ಟಕ್ಕೆ ಇಳಿಸಿವೆ, ಇದು ನಡೆಯುವುದಿಲ್ಲ ಎಂದು 15ನೇ ನಿಯಮದ ಮೊದಲ ಭಾಗವನ್ನು ಹೊಡೆದುಹಾಕಿ, ಕಡ್ಡಾಯ ನಿಯಮಗಳನ್ನು ಬರೆಯಲು ಮೂರು ತಿಂಗಳ ಗಡುವು ಕೊಟ್ಟಿತು. 2025ರ ಏಪ್ರಿಲ್ 30ರಂದು ನ್ಯಾಯಮೂರ್ತಿ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹದೇವನ್ ಅವರ ಪೀಠ ಇನ್ನೂ ಮುಂದೆ ಹೋಯಿತು. ಅರ್ಜಿದಾರರಲ್ಲಿ ಒಬ್ಬರು ಆಸಿಡ್ ದಾಳಿಗೆ ತುತ್ತಾದ ಪ್ರಜ್ಞಾ ಪ್ರಸೂನ್, ಇನ್ನೊಬ್ಬರು ಪೂರ್ತಿ ಅಂಧರಾದ ವಕೀಲ ಅಮರ್ ಜೈನ್. ಖಾತೆ ತೆರೆಯಲು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎನ್ನುತ್ತದೆ ಇ-ಕೆವೈಸಿ. ದಾಳಿಯಲ್ಲಿ ಕಣ್ಣು, ಮುಖಕ್ಕೆ ಪೆಟ್ಟಾದವರು ಮಿಟುಕಿಸುವುದು ಹೇಗೆ, ಪರದೆ ಕಾಣದವರು ಮುಖವನ್ನು ಚೌಕಟ್ಟಿನೊಳಗೆ ಇಡುವುದು ಹೇಗೆ? ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನದೇ ಭಾಗ ಎಂದು ಕೋರ್ಟ್ ಹೇಳಿತು, 20 ನಿರ್ದೇಶನ ಕೊಟ್ಟಿತು. 2011ರ ಜನಗಣತಿಯ ಲೆಕ್ಕಕ್ಕೆ ದೃಷ್ಟಿದೋಷ ಇರುವವರು ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು. ಬದುಕುವ ಹಕ್ಕಿನ ಮಾತು ಬಂದ ಮೇಲೆ ಆ ಮೂರು 'ಎ' ಅಕ್ಷರಗಳ ಪಟ್ಟಿ ತೋರಿಸಿ ಪಾರಾಗುವುದು ಕಷ್ಟ.

ಪಾರಾಗಲು ಬೇರೆ ದಾರಿ ಹುಡುಕುವವರೂ ಇದ್ದಾರೆ. ಒಂದು ಸಾಲು ಕೋಡ್ ಸೇರಿಸಿಕೊಳ್ಳಿ, ನಿಮ್ಮ ತಾಣ ರಾತ್ರೋರಾತ್ರಿ ಎಲ್ಲರಿಗೂ ತೆರೆದುಕೊಳ್ಳುತ್ತದೆ ಎಂದು ಮಾರುವ ಕಂಪನಿಗಳಿವೆ. ಪುಟದ ಮೂಲೆಯಲ್ಲಿ ಗಾಲಿಕುರ್ಚಿಯದೋ ಮನುಷ್ಯನದೋ ಚಿಹ್ನೆ ತೇಲುತ್ತಿರುತ್ತದಲ್ಲ, ಅದೇ. ಒತ್ತಿದರೆ ಹತ್ತಾರು ಸ್ವಿಚ್ಚು. ಸ್ಕ್ರೀನ್ ರೀಡರ್ ಇರುವವರಿಗೆ ಅದರ ಅಗತ್ಯ ಇಲ್ಲ, ಹೆಸರಿಲ್ಲದ ಗುಂಡಿಗೆ ಅದು ಹೆಸರನ್ನು ಊಹಿಸಿ ಅಂಟಿಸಿದರೆ ದಾರಿ ತಪ್ಪುವುದೂ ಉಂಟು. ಹೀಗೆ ಮಾರುತ್ತಿದ್ದ ಆಕ್ಸೆಸಿಬಿ ಎಂಬ ಕಂಪನಿ, ತನ್ನ ಉತ್ಪನ್ನ ಮಾಡಲಾಗದ್ದನ್ನು ಮಾಡುತ್ತದೆಂದು ಜಾಹೀರಾತು ಕೊಟ್ಟದ್ದಕ್ಕೆ 2025ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 10 ಲಕ್ಷ ಡಾಲರ್ ಕಟ್ಟಬೇಕಾಯಿತು.

ಈಗ ಎಐ ಬ್ರೌಸರ್‌ಗಳ ಸರದಿ. 2025ರಲ್ಲಿ ಪರ್‌ಪ್ಲೆಕ್ಸಿಟಿಯ ಕಾಮೆಟ್ ಬಂತು, ಓಪನ್‌ಎಐನ ಅಟ್ಲಾಸ್ ಬಂತು. ಹೇಳಿದರೆ ಸಾಕು, ಪುಟವನ್ನು ತಾವೇ ಓದಿ, ಗುಂಡಿ ಒತ್ತಿ, ಅರ್ಜಿ ತುಂಬುತ್ತೇವೆ ಎನ್ನುತ್ತವೆ. ಇನ್ನು ತಾಣಗಳನ್ನು ಸರಿಪಡಿಸುವ ಗೊಡವೆಯೇ ಬೇಡ, ಅಂಧರ ಬದಲು ಯಂತ್ರವೇ ಎಲ್ಲ ಮಾಡುತ್ತದೆ ಎಂಬ ಮಾತು ಆಗಲೇ ಕೇಳಿಬರುತ್ತಿದೆ. ಅಲ್ಲಗಳೆಯುವಂತಿಲ್ಲ, ಉಪಯೋಗ ಇದೆ. ಚಿತ್ರಗಳ ವಿಷಯದಲ್ಲಂತೂ ನಿಜಕ್ಕೂ ಇದೆ. ಬಿ ಮೈ ಐಸ್ ಎಂಬ ಆ್ಯಪ್ 2023ರಲ್ಲಿ ಎಐ ಸೇರಿಸಿಕೊಂಡ ಮೇಲೆ ನನ್ನ ಗೆಳೆಯ ಮಗಳ ಶಾಲೆಯ ಗ್ರೂಪ್ ಫೋಟೋದಲ್ಲಿ ಅವಳು ಎಷ್ಟನೇ ಸಾಲಲ್ಲಿ ನಿಂತಿದ್ದಾಳೆ ಎಂದು ಕೇಳಿ ತಿಳಿದುಕೊಂಡ. ಸಮವಸ್ತ್ರದ ನಲವತ್ತು ಮಕ್ಕಳಲ್ಲಿ ಕೆಂಪು ಹೇರ್‌ಬ್ಯಾಂಡಿನ ಗುರುತು ಹೇಳಿ. ಅದು ತಪ್ಪಿದ್ದರೂ ನಷ್ಟವಿಲ್ಲ. ಹಣದ ಮಾತು ಬಂದಾಗ ಹಾಗಲ್ಲ. ಯಂತ್ರ ಕಾಣದ್ದನ್ನು ಕಂಡಂತೆ ಹೇಳಿದರೆ ಕಣ್ಣಿದ್ದವರು ತಿರುಗಿ ನೋಡಿ ತಿದ್ದಿಯಾರು, ಅಂಧರು ತಿರುಗಿ ಕೇಳಬೇಕಾದದ್ದು ಅದೇ ಕೆಟ್ಟ ಪುಟವನ್ನು.

ಒಳಗುಟ್ಟು ಇನ್ನೂ ಒಂದಿದೆ. ಈ ಯಂತ್ರಗಳೂ ಪುಟವನ್ನು ಬರೀ ಚಿತ್ರವಾಗಿ ನೋಡುವುದಿಲ್ಲ. ಪುಟದ ಕಟ್ಟನ್ನು ತಿಳಿಯಲು ಅವು ಮೊರೆ ಹೋಗುವುದು ಸ್ಕ್ರೀನ್ ರೀಡರ್ ಕೇಳಿಸಿಕೊಳ್ಳುವ ಆ ಮರಕ್ಕೇ. ಅಟ್ಲಾಸ್ ಬಂದಾಗ ಓಪನ್‌ಎಐ ಜಾಲತಾಣಗಳವರಿಗೆ ಕೊಟ್ಟ ಸಲಹೆ, ಏರಿಯಾ ಗುರುತುಗಳನ್ನು ಸರಿಯಾಗಿ ಹಾಕಿ, ನಮ್ಮ ಏಜೆಂಟಿಗೆ ಪುಟ ಚೆನ್ನಾಗಿ ಅರ್ಥವಾಗುತ್ತದೆ ಎಂಬುದು. ಏರಿಯಾ ಎಂದರೆ ಸ್ಕ್ರೀನ್ ರೀಡರ್‌ಗಳಿಗೆಂದು 2014ರಲ್ಲಿ ಅಂತಿಮಗೊಂಡ ಗುರುತುಗಳ ಮಾನಕ. ಮನುಷ್ಯರು ಇಪ್ಪತ್ತೈದು ವರ್ಷ ಬೇಡಿಕೊಂಡರೂ ಆಗದ ಕೆಲಸ ಯಂತ್ರಗಳ ಸಲುವಾಗಿ ಆದೀತೇನೋ. ಹಾಗಾದರೆ ಒಳ್ಳೆಯದೇ, ನಾನು ಮುನಿಸಿಕೊಳ್ಳುವುದಿಲ್ಲ.

ಹೋದ ತಿಂಗಳು ಗೆಳೆಯ ಮಗಳ ವಿದ್ಯಾರ್ಥಿವೇತನದ ಅರ್ಜಿ ತುಂಬಬೇಕಿತ್ತು. ತಾಣ ಯಾವುದೆಂದು ಹೇಳುವುದು ಬೇಡ. ಜಿಲ್ಲೆ, ತಾಲ್ಲೂಕು, ಶಾಲೆ ಆರಿಸುವ ಮೂರು ಖಾನೆ, ಮೂರಕ್ಕೂ ಹೆಸರಿಲ್ಲ. ಎನ್‌ವಿಡಿಎ ಮೂರು ಸಲವೂ 'ಕಾಂಬೋ ಬಾಕ್ಸ್, ಸೆಲೆಕ್ಟ್' ಎಂದಿತು. ಎಐ ಬ್ರೌಸರಿಗೆ ಒಪ್ಪಿಸಿ ನೋಡೋಣ ಎಂದು ಒಪ್ಪಿಸಿದ. ಎಲ್ಲ ಸರಿಯಾಗಿದೆ, ತುಂಬಿದ್ದೇನೆ, ಕಳಿಸಲೇ ಎಂದು ಅದು ನಯವಾಗಿ ಕೇಳಿತು. ಅವನು ನಂಬಲಿಲ್ಲ. ಎನ್‌ವಿಡಿಎ ಹಾಕಿಕೊಂಡು ಬಾಣದ ಕೀಲಿಯಿಂದ ಒಂದೊಂದೇ ಖಾನೆ ಇಳಿದ. ಶಾಲೆಯ ಹೆಸರು ಸರಿ ಇತ್ತು. ಜಿಲ್ಲೆಯ ಜಾಗದಲ್ಲಿ ಶಿವಮೊಗ್ಗದ ಬದಲು ಪಟ್ಟಿಯಲ್ಲಿ ಮೊದಲಿಗೆ ಬರುವ ಬಾಗಲಕೋಟೆ ಕೂತಿತ್ತು. 'ಅದಕ್ಕೂ ಕಾಣ್ಲಿಲ್ಲ ಮಾರಾಯ' ಎಂದು ಫೋನಿನಲ್ಲಿ ಜೋರಾಗಿ ನಕ್ಕ. ಆಮೇಲೆ ಮಗಳನ್ನು ಕೂಗಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡ.